ಮೈ ಇನ್ನೂ ಡ್ಯೂಟಿಯಲ್ಲೇ ಇತ್ತು

ರಿಟೈರ್ ಆದ ಮೇಲೆ ಕಣ್ತುಂಬಾ ನಿದ್ದೆ ಮಾಡಬೇಕು ಅಂತ ಬಹಳ ಆಸೆ ಇತ್ತು. 30 ವರ್ಷ ಪೊಲೀಸ್ ಕೆಲಸ ಮಾಡಿದವನು ಇನ್ನೇನು ಬಯಸುತ್ತಾನೆ? ಆದರೆ ರಾತ್ರಿ 2 ಗಂಟೆಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಕೈ ತಾನಾಗಿ ದಿಂಬಿನ ಪಕ್ಕ ವಾಕಿಟಾಕಿ ಹುಡುಕುತ್ತಿತ್ತು. ಎದ್ದು ಬಾಗಿಲ ಚಿಲಕ ನೋಡುವುದು, ಕಿಟಕಿ ನೋಡುವುದು, ಮತ್ತೆ ಬಾಗಿಲಿಗೆ ಬರುವುದು.

ಹಗಲಲ್ಲೂ ಅಷ್ಟೇ. ಎಲ್ಲಿ ಹೋದರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೇ ಕೂರುತ್ತಿದ್ದೆ. ಮಗಳು ಹೊರಗಿನಿಂದ ಬಂದರೆ, ನಾನು ಬಾಯಿ ಬಿಡುವ ಮೊದಲೇ "7ಕ್ಕೆ ಹೊರಟೆ, ಎಂಟೂವರೆಗೆ ಬಂದೆ, ಜೊತೆಗೆ ಇಬ್ಬರಿದ್ರು ಅಪ್ಪಾ" ಅಂತ ಒಪ್ಪಿಸಿ ಒಳಗೆ ಹೋಗುತ್ತಿದ್ದಳು. ಬ್ಯಾಗ್ ಇನ್ನೂ ಹೆಗಲ ಮೇಲೇ ಇರುತ್ತಿತ್ತು. ಅವಳು ನನಗೆ ಹೇಳಿಕೆ ಕೊಡುತ್ತಿದ್ದಾಳೆ ಅಂತ ಹೊಳೆದ ದಿನವೇ ಮನೋವೈದ್ಯರ ಹತ್ತಿರ ಹೋದೆ.

ಅವರು ಬಿಡಿಸಿ ಹೇಳಿದರು. ಕೆಲಸದಲ್ಲಿ ಅಪಾಯವನ್ನು ಮೊದಲೇ ಗುರುತಿಸಲೇಬೇಕು, ಆ ಎಚ್ಚರವೇ ಜೀವ ಉಳಿಸಿದ್ದು. ಅದು ಬೇಡ ಅಂದ ತಕ್ಷಣ ಹೋಗುವುದಿಲ್ಲ. ವರ್ಷಗಟ್ಟಲೆ ನೈಟ್ ಡ್ಯೂಟಿ ಮಾಡಿದ್ದರಿಂದ ಮೈಯೊಳಗಿನ ಗಡಿಯಾರವೂ ಕೆಟ್ಟಿತ್ತು.

ಮೊದಲು ನಿದ್ದೆ ಸರಿ ಮಾಡಿಕೊಂಡೆ. ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ 6ಕ್ಕೆ ಏಳುವುದು, ಅರ್ಧ ಗಂಟೆ ಬೆಳಕಿನಲ್ಲಿ ನಡೆಯುವುದು. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ. ಕುಡಿದು 5 ಗಂಟೆ ಕಳೆದರೂ ಅದರ ಕೆಫೀನ್ ಅರ್ಧದಷ್ಟು ಮೈಯಲ್ಲೇ ಇರುತ್ತದಂತೆ. 20 ನಿಮಿಷವಾದರೂ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಬೇರೆ ಕೋಣೆಯಲ್ಲಿ ಸಣ್ಣ ದೀಪ ಹಾಕಿ ಕೂರಬೇಕು, ಕಣ್ಣು ಎಳೆದಾಗ ವಾಪಸ್ ಬರಬೇಕು. ಮೊದಲ ಎರಡು ವಾರ ಸಾಕುಸಾಕಾಯಿತು. ಚಿಲಕ ಒಂದೇ ಸಲ ನೋಡುವುದಂತೂ ಇನ್ನೂ ಕಷ್ಟ. ಕೈಯನ್ನು ಬಾಗಿಲ ಮೇಲಿಟ್ಟು "ಹಾಕಿದ್ದೀನಿ" ಅಂತ ಜೋರಾಗಿ ಹೇಳಿಕೊಂಡೇ ಮಲಗುತ್ತಿದ್ದೆ.

ಎರಡು ತಿಂಗಳಾದ ಮೇಲೆ, ಬಾವಿಯಿಂದ ಎತ್ತಿದ ಒಂದು ಮಗುವಿನ ವಿಷಯ ಹೆಂಡತಿಗೆ ಹೇಳಿದೆ. ಅದು ನಡೆದು 19 ವರ್ಷ ಆಗಿತ್ತು. ಅವಳು ಏನೂ ಮಾತಾಡಲಿಲ್ಲ, ಸುಮ್ನೆ ಪಕ್ಕದಲ್ಲಿ ಕೂತಳು. ಅಷ್ಟು ಸಾಕಾಗಿತ್ತು.

ಇನ್ನೂ ಸರ್ವೀಸಿನಲ್ಲಿ ಇರುವವರು ರಿಟೈರ್ ಆಗುವ ತನಕ ಕಾಯಬೇಡಿ. ಇಲಾಖೆಯ ಹೊರಗೆ ಇಬ್ಬರಾದರೂ ಸ್ನೇಹಿತರಿರಲಿ. ನಿದ್ದೆಗೆ ಅಂತ ಕುಡಿತ ಜಾಸ್ತಿ ಆಗುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಸಾಯುವ ಯೋಚನೆ ಬಂದರೆ ಆವತ್ತೇ ಒಬ್ಬರಿಗೆ ಹೇಳಿ. ಕೈಗೆ ಸಿಗುವ ಹಾಗೆ ಪಿಸ್ತೂಲ್ ಇದ್ದರೆ ಮೊದಲು ಅದನ್ನು ದೂರ ಮಾಡಿ.