ಕಾರ್ಯಕ್ರಮದಿಂದ ಏನು ಬದಲಾಯಿತು? ಸಣ್ಣ ಸಂಸ್ಥೆಗಳು ಅಳೆಯುವ ಬಗೆ

ಸ್ವಯಂಸೇವಾ ಸಂಸ್ಥೆಗಳ ವಾರ್ಷಿಕ ವರದಿ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಎಷ್ಟು ಶಿಬಿರ ನಡೆಯಿತು, ಎಷ್ಟು ಮಂದಿ ಬಂದರು, ಎಷ್ಟು ಕಿಟ್ ಹಂಚಲಾಯಿತು ಎಂಬ ಲೆಕ್ಕ. ಕೆಲಸ ನಡೆದಿದೆ ಎನ್ನುವುದಕ್ಕೆ ಅದು ಪುರಾವೆಯೇ ಹೊರತು, ಆ ಕೆಲಸದಿಂದ ಯಾರಿಗೆ ಏನಾಯಿತು ಎನ್ನುವುದಕ್ಕಲ್ಲ. ಹಣ ಕೊಡುವವರು ಈಗ ಕೇಳುವುದು ಎರಡನೆಯದನ್ನು. ಹಾಗೆಂದು ದಾನಿಯನ್ನು ಮೆಚ್ಚಿಸಲೆಂದೇ ಮಾಡಿದ ಮೌಲ್ಯಮಾಪನ ಬಹುಪಾಲು ಜಾಹೀರಾತಾಗಿಬಿಡುತ್ತದೆ. ತನ್ನ ಕಾರ್ಯಕ್ರಮವನ್ನು ತಿದ್ದಿಕೊಳ್ಳಲು ಸಂಸ್ಥೆ ಮಾಡಿಕೊಂಡ ಮೌಲ್ಯಮಾಪನವೇ ಕೊನೆಗೆ ದಾನಿಗೂ ನಂಬಿಕೆ ಹುಟ್ಟಿಸುತ್ತದೆ. ಸರ್ಕಾರಿ ಶಾಲೆಯ ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಸಂಜೆ ಹೊತ್ತು ಓದು ಕಲಿಸುವ ಒಂದು ಸಣ್ಣ ಟ್ರಸ್ಟನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ನೋಡೋಣ.

ಮೊದಲು ಪ್ರಶ್ನೆ

ಟ್ರಸ್ಟಿಗಳು, ಕಾರ್ಯಕರ್ತರು ಒಟ್ಟಿಗೆ ಕುಳಿತು ಒಂದು ಪ್ರಶ್ನೆ ಬರೆಯಬೇಕು. 'ಮಕ್ಕಳ ಸಬಲೀಕರಣವಾಯಿತೇ' ಎಂಬುದನ್ನು ಅಳೆಯಲಾಗದು. 'ಜೂನ್‌ನಲ್ಲಿ ಅಕ್ಷರ ಮಾತ್ರ ಗುರುತಿಸುತ್ತಿದ್ದ ಮಗು ಫೆಬ್ರುವರಿ ಹೊತ್ತಿಗೆ ಒಂದು ಪ್ಯಾರಾ ಓದುತ್ತದೆಯೇ' ಎಂಬುದನ್ನು ಅಳೆಯಬಹುದು. ಇಲ್ಲ ಎಂಬ ಉತ್ತರ ಬಂದರೆ ಏನನ್ನು ಬದಲಿಸುತ್ತೇವೆ ಎಂಬುದನ್ನೂ ಆಗಲೇ ಬರೆದಿಡಬೇಕು. ಉತ್ತರ ಏನೇ ಬಂದರೂ ಮಾಡುವ ಕೆಲಸ ಬದಲಾಗುವುದಿಲ್ಲ ಎಂದಾದರೆ ಆ ಪ್ರಶ್ನೆಗೆ ಹಣ ಖರ್ಚು ಮಾಡುವುದು ದಂಡ.

ಆರಂಭದ ಸ್ಥಿತಿ ದಾಖಲಿಸಿ

ತರಗತಿ ಶುರುವಾಗುವ ಮೊದಲೇ ಬೇಸ್‌ಲೈನ್, ಅಂದರೆ ಆರಂಭದ ಮಟ್ಟದ ಅಳತೆ, ಆಗಬೇಕು. ಇದಕ್ಕೆ ಹೊಸ ಪ್ರಶ್ನೆಪತ್ರಿಕೆ ಬೇಕಿಲ್ಲ. ಮಕ್ಕಳ ಕಲಿಕೆಯ ಮಟ್ಟ ಅಳೆಯಲು 2005ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆಯ ಓದಿನ ಹಾಳೆ ಕನ್ನಡದಲ್ಲೂ ಇದೆ. ಅದರಲ್ಲಿರುವುದು ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕತೆ, ಇಷ್ಟೇ. ಪ್ರತಿ ಮಗುವನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮೊದಲು ಪ್ಯಾರಾ ಓದಿಸುತ್ತಾರೆ. ಸಲೀಸಾಗಿ ಓದಿದರೆ ಕತೆಗೆ ಹೋಗುತ್ತಾರೆ, ತಡವರಿಸಿದರೆ ಪದಗಳಿಗೆ ಇಳಿಯುತ್ತಾರೆ. ಐದು ಪದಗಳಲ್ಲಿ ನಾಲ್ಕನ್ನಾದರೂ ಸರಿಯಾಗಿ ಓದದಿದ್ದರೆ ಅಕ್ಷರಗಳನ್ನು ತೋರಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಆದರೆ ಪಕ್ಕದಲ್ಲಿ ನಿಂತ ಗೆಳೆಯ ಪಿಸುಗುಟ್ಟಿ ಹೇಳಿಕೊಡುವುದನ್ನು ತಡೆಯಲೇಬೇಕು. ಕಲಿಸುವ ಶಿಕ್ಷಕಿಯೇ ಪರೀಕ್ಷಿಸುವುದೂ ಬೇಡ. ಬೇರೆ ಕೇಂದ್ರದ ಶಿಕ್ಷಕಿ ಬರಲಿ. ಪೋಷಕರ ಒಪ್ಪಿಗೆ ಪಡೆದು, ವರದಿಯಲ್ಲಿ ಮಗುವಿನ ಹೆಸರಿನ ಬದಲು ಸಂಖ್ಯೆ ಬಳಸಬೇಕು.

ಹೋಲಿಕೆ: ಎಡವುವುದು ಇಲ್ಲೇ

ಎಂಟು ತಿಂಗಳಲ್ಲಿ ಮಕ್ಕಳು ಶಾಲೆಯಲ್ಲೂ ಕಲಿಯುತ್ತಾರೆ, ವಯಸ್ಸಿನ ಜತೆಗೂ ಬೆಳೆಯುತ್ತಾರೆ. ಆದ್ದರಿಂದ ಜೂನ್ ಮತ್ತು ಫೆಬ್ರುವರಿಯ ವ್ಯತ್ಯಾಸವನ್ನೆಲ್ಲ ಸಂಜೆ ತರಗತಿಯ ಖಾತೆಗೆ ಬರೆದುಕೊಳ್ಳುವಂತಿಲ್ಲ. ಕಾರ್ಯಕ್ರಮ ಇಲ್ಲದಿದ್ದರೆ ಎಷ್ಟಾಗುತ್ತಿತ್ತು ಎಂದು ತಿಳಿಯಲು ಅಂಥದ್ದೇ ಬೇರೆ ಮಕ್ಕಳನ್ನೂ ಅಳೆಯಬೇಕು. 'ಹಾಗಾದರೆ ಆ ಮಕ್ಕಳಿಗೆ ಕಲಿಸದೆ ಬಿಡಬೇಕೇ' ಎಂದು ಕಾರ್ಯಕರ್ತರು ಕೇಳುವುದು ನ್ಯಾಯವೇ.

ಇದಕ್ಕೆ ಮಕ್ಕಳ ಶಿಕ್ಷಣಕ್ಕಾಗಿ ಕೆಲಸ ಮಾಡುವ 'ಪ್ರಥಮ್' ಸ್ವಯಂಸೇವಾ ಸಂಸ್ಥೆಯ ಬಾಲಸಖಿ ಕಾರ್ಯಕ್ರಮದ ಮೌಲ್ಯಮಾಪನದಲ್ಲಿ ಒಂದು ಜಾಣ ಉತ್ತರವಿದೆ. ಮುಂಬೈ ಮತ್ತು ವಡೋದರದಲ್ಲಿ 'ಬಾಲಸಖಿ' ಎಂದು ಕರೆಯುತ್ತಿದ್ದ ಸ್ಥಳೀಯ ಯುವತಿಯರು, ಹಿಂದುಳಿದ ಮಕ್ಕಳನ್ನು ಶಾಲಾ ಅವಧಿಯಲ್ಲೇ ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿ ಕಲಿಸುತ್ತಿದ್ದರು. ಇದರ ಅಧ್ಯಯನ 2001ರಲ್ಲಿ ಆರಂಭವಾದಾಗ ವಡೋದರದ ಕೆಲವು ಶಾಲೆಗಳಲ್ಲಿ ಮೂರನೇ ತರಗತಿಗೆ, ಉಳಿದವುಗಳಲ್ಲಿ ನಾಲ್ಕನೇ ತರಗತಿಗೆ ಬಾಲಸಖಿ ಸಿಗುವಂತೆ ಚೀಟಿ ಎತ್ತುವ ಮಾದರಿಯಲ್ಲಿ ಹಂಚಲಾಯಿತು. ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ, ಒಂದು ಶಾಲೆಯ ಮೂರನೇ ತರಗತಿಯನ್ನು ಇನ್ನೊಂದರ ಮೂರನೇ ತರಗತಿಯೊಂದಿಗೆ ಹೋಲಿಸಲೂ ಸಾಧ್ಯವಾಯಿತು. ಅಂಕಗಳು ಗಣನೀಯವಾಗಿ ಏರಿದವು. ಕಾರ್ಯಕ್ರಮ ಮುಗಿದ ಒಂದು ವರ್ಷದ ನಂತರ ಆ ಲಾಭದ ಹೆಚ್ಚಿನ ಪಾಲು ಕರಗಿ, ಸ್ವಲ್ಪ ಭಾಗ ಮಾತ್ರ ಉಳಿದಿತ್ತು. ಎರಡನ್ನೂ ಮುಚ್ಚುಮರೆಯಿಲ್ಲದೆ ಪ್ರಕಟಿಸಲಾಯಿತು. ಅಧ್ಯಯನ ತಂಡದಲ್ಲಿದ್ದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಸೇರಿದ್ದಾರೆ. ಸಣ್ಣ ಟ್ರಸ್ಟ್‌ಗೆ ಅಷ್ಟು ದೊಡ್ಡ ಅಧ್ಯಯನ ಬೇಕಾಗಿಲ್ಲ. ಮುಂದಿನ ವರ್ಷ ಹೇಗೂ ತರಗತಿ ಆರಂಭಿಸಲಿರುವ ಊರುಗಳ ಮಕ್ಕಳನ್ನು ಈ ವರ್ಷವೇ ಅಳೆದಿಟ್ಟುಕೊಂಡರೆ ಹೋಲಿಕೆಗೆ ಒಂದು ಆಧಾರ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ: ನಡುವೆ ಬಿಟ್ಟುಹೋದ ಮಕ್ಕಳನ್ನು ಲೆಕ್ಕದಿಂದ ಕೈಬಿಡಬೇಡಿ. ನೂರು ಮಕ್ಕಳಲ್ಲಿ ನಲವತ್ತು ಮಂದಿ ಬಿಟ್ಟು, ಉಳಿದ ಅರವತ್ತರಲ್ಲಿ ನಲವತ್ತೈದು ಮಂದಿ ಓದಿದರೆ ಶೇ 75 ಎಂದು ಬರೆಯುವ ಆಸೆಯಾಗುತ್ತದೆ. ಸೇರಿದವರ ಲೆಕ್ಕದಲ್ಲಿ ಅದು ಶೇ 45. ಬಿಟ್ಟವರ ಮನೆಗೆ ಹೋಗಿ ಕಾರಣ ಕೇಳಿದರೆ, ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ ಎಂಬಂಥ ಉತ್ತರ ಬರಬಹುದು. ಆಗ ತಿದ್ದಬೇಕಾದ್ದು ಪಾಠವನ್ನಲ್ಲ, ತರಗತಿಯ ಸಮಯವನ್ನು.

ಹಣದ ಮಾತು

ಒಟ್ಟು ವೆಚ್ಚವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಸಾಲದು. ಒಂದು ಮಟ್ಟವಾದರೂ ಮೇಲೇರಿದ ಪ್ರತಿ ಮಗುವಿಗೆ ಎಷ್ಟು ಖರ್ಚಾಯಿತು ಎಂಬುದನ್ನೂ ತೋರಿಸಬೇಕು. ಕೇಂದ್ರದ ಬಾಡಿಗೆ, ಮೇಲ್ವಿಚಾರಕರ ಸಂಬಳ, ಮೌಲ್ಯಮಾಪನದ ಖರ್ಚು ಎಲ್ಲವೂ ಅದರಲ್ಲಿ ಸೇರಲಿ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬಯಸುವವರು ಅದರ ನಿಯಮಗಳ 2021ರ ತಿದ್ದುಪಡಿಯನ್ನು ತಿಳಿದಿರಬೇಕು. ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಸಿಎಸ್‌ಆರ್ ಹೊಣೆ ಇರುವ ಕಂಪನಿಗಳು, 1 ಕೋಟಿ ಅಥವಾ ಹೆಚ್ಚಿನ ವೆಚ್ಚದ ಯೋಜನೆಗಳು ಮುಗಿದು ಕನಿಷ್ಠ ಒಂದು ವರ್ಷವಾದ ಮೇಲೆ ಸ್ವತಂತ್ರ ಸಂಸ್ಥೆಯಿಂದ ಪರಿಣಾಮದ ಮೌಲ್ಯಮಾಪನ ಮಾಡಿಸಬೇಕು. ಸಣ್ಣ ಯೋಜನೆಗೆ ಈ ಕಡ್ಡಾಯವಿಲ್ಲ. ಆದರೂ ಬೇಸ್‌ಲೈನ್ ಇಲ್ಲದೆ ಆಮೇಲೆ ಬಂದ ಮೌಲ್ಯಮಾಪಕರಿಗೆ ಹೋಲಿಸಲು ಏನೂ ಸಿಗುವುದಿಲ್ಲ.

ಸಾಮಾಜಿಕ ಕೆಲಸದ ಸಂಸ್ಥೆಗಳು ಸಾರ್ವಜನಿಕರಿಂದ ಹಣ ಸಂಗ್ರಹಿಸಲು ಇರುವ ಷೇರುಪೇಟೆಯ ವಿಭಾಗ, ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್, ಇನ್ನೊಂದು ದಾರಿ. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಮೊದಲು ಲಿಸ್ಟ್ ಆದದ್ದು ಬೆಂಗಳೂರಿನ 'ಉನ್ನತಿ' ಸಂಸ್ಥೆ. ಅಲ್ಲಿ ಪ್ರತಿವರ್ಷ ಪರಿಣಾಮದ ವರದಿ ಸಲ್ಲಿಸಬೇಕಾಗುತ್ತದೆ.

ಪ್ರಸ್ತಾವನೆಗೆ ಎರಡು ಪುಟದ ಸಾರಾಂಶ ಸಾಕು: ಪ್ರಶ್ನೆ, ಅಳೆದ ವಿಧಾನ, ಬಂದ ಅಂಕಿಗಳು, ಫಲ ಕೊಡದಿದ್ದ ಅಂಶಗಳು, ಅದಕ್ಕಾಗಿ ಮಾಡಿದ ಬದಲಾವಣೆ. ಫೋಟೊಗಳನ್ನು ಅನುಬಂಧಕ್ಕೆ ಹಾಕಿ. ಮತ್ತು ಇದೇ ಅಂಕಿಗಳನ್ನು ದಾನಿಗೆ ಕಳಿಸುವ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪೋಷಕರ ಮುಂದೆ ಓದಿ ಹೇಳಿ. ತಪ್ಪಿದ್ದರೆ ಅವರೇ ಮೊದಲು ಹಿಡಿಯುತ್ತಾರೆ.