ಮೈಲುತುತ್ತ, ಹೈಪೋ, ಅಯೋಡೈಡ್: ಬಿಸಿಯಿಂದ ಕರೆಂಟ್ ಕೊಡುವ ಪದರ ಮಾಡೋದು ಹೇಗೆ

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ಕುಲುಮೆ, ಕಂಪ್ರೆಸರ್, ಸ್ಟೀಮ್ ಪೈಪುಗಳ ಬಿಸಿ ಸುಮ್ನೆ ಗಾಳಿಗೆ ಹೋಗುತ್ತಿರುತ್ತದೆ. ಒಂದು ತುದಿ ಬಿಸಿ, ಇನ್ನೊಂದು ತುದಿ ತಣ್ಣಗಿದ್ದರೆ ವೋಲ್ಟೇಜ್ ಹುಟ್ಟುತ್ತದೆ ಅಂತ ಸೀಬೆಕ್ 1821ರಲ್ಲೇ ಕಂಡಿದ್ದರು. ಎಸ್.ಪಿ. ರಸ್ತೆಯಲ್ಲಿ ಸಿಗುವ, ಬಿಸಿಯ ವ್ಯತ್ಯಾಸದಿಂದ ಕರೆಂಟ್ ಕೊಡಬಲ್ಲ ಪೆಲ್ಟಿಯರ್ ಮಾಡ್ಯೂಲ್‌ನೊಳಗೆ ಇರೋದು ಬಿಸ್ಮತ್ ಟೆಲ್ಯುರೈಡ್. ಟೆಲ್ಯುರಿಯಂ ತೀರಾ ಅಪರೂಪ. ಇದೇ ಕೆಲಸ ಮಾಡುವ ತಾಮ್ರದ ಅಯೋಡೈಡ್ ಹಾಗಲ್ಲ, ಕಾಲೇಜು ಲ್ಯಾಬಿನಲ್ಲೇ ಮಾಡಬಹುದು.

ಗ್ಲೌಸ್ ಹಾಕಿಕೊಳ್ಳಿ. ಅಡುಗೆಮನೆ ಪಾತ್ರೆ ಬಳಸಬೇಡಿ.

100 ಮಿಲಿ ಡಿಸ್ಟಿಲ್ಡ್ ವಾಟರಿಗೆ 2.5 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿ. ತೋಟಕ್ಕೆ ಬೋರ್ಡೋ ಹೊಡೆಯಲು ತರುವ ಅದೇ ಉಪ್ಪು, ಆದರೆ ಲ್ಯಾಬಿಗೆ ಬಳಸುವ ಶುದ್ಧವಾದದ್ದು ತನ್ನಿ. ಅದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಹೈಪೋ (ಸೋಡಿಯಂ ಥಯೋಸಲ್ಫೇಟ್) ಬೇರೆ ನೀರಿನಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪವೇ ನೀಲಿ ದ್ರಾವಣಕ್ಕೆ ಸುರಿಯುತ್ತಾ ಹೋಗಿ. ನೀಲಿ ಹಸಿರಾಗುತ್ತದೆ, ಹಳದಿಯಾಗುತ್ತದೆ, ಕೊನೆಗೆ ಬಣ್ಣವೇ ಹೋಗುತ್ತದೆ. ಅಲ್ಲಿಗೆ ನಿಲ್ಲಿಸಿ, ಯಾಕಂದ್ರೆ ಹೈಪೋ ಜಾಸ್ತಿಯಾದರೆ ಆಮೇಲೆ ಕೂರುವ ಅಯೋಡೈಡನ್ನೇ ಕರಗಿಸಿಬಿಡುತ್ತದೆ. ಈ ದ್ರಾವಣವನ್ನು ಅವತ್ತೇ ಬಳಸಿ, ಇಟ್ಟರೆ ಕಪ್ಪು ಸಲ್ಫೈಡ್ ಇಳಿಯುತ್ತದೆ. ಇನ್ನೊಂದು ಬೀಕರಿನಲ್ಲಿ 100 ಮಿಲಿಗೆ 1.7 ಗ್ರಾಂ ಪೊಟ್ಯಾಸಿಯಂ ಅಯೋಡೈಡ್.

ಸೋಪಿನಲ್ಲಿ ಚೆನ್ನಾಗಿ ತೊಳೆದ ಗಾಜಿನ ಸ್ಲೈಡನ್ನು ತಾಮ್ರದ ದ್ರಾವಣದಲ್ಲಿ 20 ಸೆಕೆಂಡ್ ಅದ್ದಿ, ಜಾಲಿಸಿ, ಅಯೋಡೈಡಿನಲ್ಲಿ ಅದ್ದಿ, ಮತ್ತೆ ಜಾಲಿಸಿ. 30–40 ಸುತ್ತು. ಬೇಜಾರಾದರೂ ಜಾಲಿಸೋದನ್ನ ಬಿಡಬೇಡಿ, ಬಿಟ್ಟರೆ ಪದರ ಪುಡಿಪುಡಿಯಾಗಿ ಉದುರುತ್ತದೆ.

ಒಣಗಿದ ಮೇಲೆ ಎರಡೂ ತುದಿಗೆ ಸಿಲ್ವರ್ ಪೇಸ್ಟ್ ಹಚ್ಚಿ. ಒಂದು ತುದಿ ಬಿಸಿನೀರಿನ ಸ್ಟೀಲ್ ಡಬ್ಬಿ ಮೇಲೆ, ಇನ್ನೊಂದು ತಣ್ಣೀರಿನ ಡಬ್ಬಿ ಮೇಲೆ. ನಮ್ಮೂರು 900 ಮೀಟರ್ ಎತ್ತರದಲ್ಲಿದೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಆದರೆ ನೋಡಬೇಕಾದ್ದು ನೀರಿನ ಬಿಸಿಯನ್ನಲ್ಲ, ಪದರದ ಎರಡು ತುದಿಗಳ ಬಿಸಿಯನ್ನು. ಮಲ್ಟಿಮೀಟರಿನ ಕೆಂಪು ತಂತಿ ತಣ್ಣನೆ ತುದಿಗೆ ಇಟ್ಟಾಗ ಪ್ಲಸ್ ತೋರಿಸಿದರೆ ಸರಿ. 50 ಡಿಗ್ರಿ ವ್ಯತ್ಯಾಸಕ್ಕೆ 5 ಮಿಲಿವೋಲ್ಟ್ ಅಥವಾ ಜಾಸ್ತಿ ಸಿಗಬೇಕು.

ವೋಲ್ಟೇಜ್ ಬಂತು ಅಂತ ಅಲ್ಲಿಗೇ ಬಿಡಬೇಡಿ. ರೆಸಿಸ್ಟೆನ್ಸ್ ಅಳೆಯಿರಿ. ಅದು 10 ಕಿಲೋಓಮ್ ಇದ್ದರೆ 5 ಮಿಲಿವೋಲ್ಟಿಗೆ ಸಿಗುವ ಪವರ್ ಒಂದು ನ್ಯಾನೋವ್ಯಾಟ್ ಕೂಡ ಅಲ್ಲ! ಅದಕ್ಕೇ ಪಟ್ಟಿಯನ್ನು ಅಗಲ ಮಾಡಿ, ಸುತ್ತು ಜಾಸ್ತಿ ಮಾಡಿ. ಆಮೇಲೆ ಗಾಜು ಬಿಟ್ಟು ಕ್ಯಾಪ್ಟಾನ್ ಹಾಳೆಗೆ (ಬಿಸಿ ತಾಳುವ ತೆಳು ಪ್ಲಾಸ್ಟಿಕ್) ಹೋಗಿ. ಗಾಜು ಪದರಕ್ಕಿಂತ ಸಾವಿರಾರು ಪಟ್ಟು ದಪ್ಪ, ಹೆಚ್ಚುಕಡಿಮೆ ಎಲ್ಲ ಬಿಸಿಯೂ ಅದರೊಳಗೇ ಹರಿದುಹೋಗುತ್ತದೆ.