ರೆಡ್ ಸಾಕ್ಸ್‌ನ ಬೆಸ್ಟ್ ಹಿಟ್ಟರ್ ಯಾರು? ಈ ವಾದಕ್ಕೆ ಇಳಿಯೋ ಮುಂಚೆ ಇದನ್ನ ಓದ್ಕೊಳಿ

ಅಮೆರಿಕದ ಬೇಸ್‌ಬಾಲ್ ಟೀಮು ಬಾಸ್ಟನ್ ರೆಡ್ ಸಾಕ್ಸಲ್ಲಿ ಇದುವರೆಗೆ ಆಡಿದವರಲ್ಲಿ ದೊಡ್ಡ ಹಿಟ್ಟರ್ (ಬ್ಯಾಟ್ ಮಾಡೋನು) ಯಾರು ಅಂತ ಕೇಳಿ ನೋಡಿ, ಟೆಡ್ ವಿಲಿಯಮ್ಸ್ ಅಂತ ತಟ್ಟನೆ ಉತ್ತರ ಬರತ್ತೆ, ಎಲ್ಲರೂ ತಲೆ ಆಡಿಸ್ತಾರೆ, ಮಾತು ಮುಗೀತು. ಹಂಗೆ ಮುಗಿಸ್ಬೇಡಿ. ಮೊದಲನೇ ಸ್ಥಾನಕ್ಕೆ ಜಗಳ ಇಲ್ಲ ಸರಿ, ಮಜಾ ಇರೋದು ಎರಡನೇದಕ್ಕೆ.

ಎಲ್ಲಕ್ಕಿಂತ ಮುಂಚೆ ಪ್ರಶ್ನೆ ಏನು ಅಂತ ಗಟ್ಟಿ ಮಾಡ್ಕೊಳಿ. ಬೆಸ್ಟ್ ಹಿಟ್ಟರ್ರೋ, ಬೆಸ್ಟ್ ಪ್ಲೇಯರ್ರೋ? ಫೀಲ್ಡಿಂಗ್, ಬೇಸ್ ಓಡೋದು, ಲೀಡರ್‌ಶಿಪ್ ಎಲ್ಲಾ ಸೇರಿಸಿದ್ರೆ ಅದು ಬೇರೆನೇ ಚರ್ಚೆ. ಅರ್ಧ ಜನ ಒಂದು ಪ್ರಶ್ನೆಗೆ, ಇನ್ನರ್ಧ ಜನ ಇನ್ನೊಂದಕ್ಕೆ ಉತ್ತರ ಕೊಡ್ತಾ ಗಂಟೆಗಟ್ಟಲೆ ಕೂಗಾಡ್ತಾರೆ. ಆಮೇಲೆ ರೆಡ್ ಸಾಕ್ಸ್ ಜೆರ್ಸಿಲಿ ಹೊಡೆದಿದ್ದು ಮಾತ್ರ ಲೆಕ್ಕಾನಾ ಇಲ್ಲ ಪೂರ್ತಿ ಕೆರಿಯರ್ರಾ ಅನ್ನೋದನ್ನೂ ಆಗ್ಲೇ ತೀರ್ಮಾನ ಮಾಡ್ಬಿಡಿ. ನಾನಂತೂ ಜೆರ್ಸಿ ಲೆಕ್ಕದವನು. ಇದೊಂದೇ ರೂಲಿಗೆ ಬೇಬ್ ರೂತ್ ಲಿಸ್ಟಿಂದ ಆಚೆ, ಯಾಕಂದ್ರೆ ಅವನ 714 ಹೋಮ್ ರನ್‌ಗಳಲ್ಲಿ (ಕ್ರಿಕೆಟ್ ಸಿಕ್ಸರ್ ಥರ ಬಾಲನ್ನ ಆಚೆ ಹೊಡೆಯೋದು) ಬಾಸ್ಟನ್‌ಗೆ ಹೊಡೆದಿದ್ದು 49 ಮಾತ್ರ, ಅಲ್ಲಿದ್ದಾಗ ಹೆಚ್ಚಿನ ಸಮಯ ಪಿಚ್ಚರ್ (ಬಾಲ್ ಎಸೆಯೋನು) ಆಗಿದ್ದ.

ಟೆಡ್ ಯಾಕೆ ಮೊದಲು ಅಂತ ಯಾರಾದ್ರೂ ಕೇಳಿದ್ರೆ ಬರೀ ಹೆಸರು ಹೇಳಿ ಸುಮ್ಮನಾಗೋದು ಸೋಂಬೇರಿತನ. 1939ರಿಂದ 1960ರವರೆಗೆ ಒಂದೇ ಟೀಮು, ಆವರೇಜ್ .344 (ಸಾವಿರ ಅಟ್-ಬ್ಯಾಟ್ ಅಂದ್ರೆ ಬ್ಯಾಟಿಂಗ್ ಸರದಿಗೆ 344 ಹಿಟ್, ಬಾಲ್ ಹೊಡೆದು ಬೇಸ್ ಮುಟ್ಟಿದ್ದು), ಹೋಮ್ ರನ್ 521. ಅದಕ್ಕಿಂತ ದೊಡ್ಡದು ಆನ್-ಬೇಸ್ ಪರ್ಸೆಂಟೇಜ್ .482, ಅಂದ್ರೆ ನೂರು ಸಲ ಪ್ಲೇಟಿಗೆ (ಬ್ಯಾಟ್ ಮಾಡೋ ಜಾಗಕ್ಕೆ) ಬಂದ್ರೆ 48 ಸಲ ಔಟಾಗದೆ ಬೇಸ್ ಮೇಲೆ ನಿಂತಿರ್ತಿದ್ದ, ಮೇಜರ್ ಲೀಗ್ (ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್) ಇತಿಹಾಸದಲ್ಲೇ ಇದನ್ನ ಯಾರೂ ದಾಟಿಲ್ಲ. 1941ರ ಕೊನೇ ದಿನದ ಕಥೆ ಅಂತೂ ಹೇಳ್ಲೇಬೇಕು: ಆವರೇಜ್ .39955 ಇತ್ತು, ಆಡದೆ ಕೂತಿದ್ರೆ ರೌಂಡ್ ಆಗಿ .400 ಆಗ್ತಿತ್ತು, ಬೇಕಿದ್ರೆ ಕೂತ್ಕೋ ಅಂತ ಮ್ಯಾನೇಜರ್ ಕೂಡ ಹೇಳಿದ್ರು, ಇವನು ಫಿಲಡೆಲ್ಫಿಯಾದಲ್ಲಿ ಅವತ್ತಿನ ಎರಡೂ ಗೇಮ್ ಆಡಿ 8ಕ್ಕೆ 6 ಹಿಟ್ ಹೊಡೆದು .406ಕ್ಕೆ ಮುಗಿಸಿದ. ಅದರ ಮೇಲೆ 1943ರಿಂದ 45 ಪೂರ್ತಿ ಮೂರು ಸೀಸನ್ ಮಿಲಿಟರಿ ಸೇವೆಗೆ ಹೋಯ್ತು, ಕೊರಿಯಾ ಯುದ್ಧಕ್ಕೆ 1952, 53ರಲ್ಲಿ ಇನ್ನೊಂದಷ್ಟು.

ಯಾರಾದ್ರೂ 1946ರ ವರ್ಲ್ಡ್ ಸೀರೀಸ್ (ವರ್ಷದ ಫೈನಲ್) ಮಾತು ತೆಗೀತಾರೆ, ರೆಡಿ ಇರಿ. ಅದರಲ್ಲಿ ಟೆಡ್ .200 ಹೊಡೆದ, ಟೀಮ್ ಸೋತಿತು, ನಿಜ, ಒಪ್ಕೊಳಿ. ಏಳು ಗೇಮು, 25 ಅಟ್-ಬ್ಯಾಟ್, ಅಷ್ಟರಲ್ಲಿ ಎಂಥವನೂ ಎಡವಬಹುದು ಅಂತ ಹೇಳಿ ಮುಂದೆ ಹೋಗಿ.

ಈಗ ಅಂಕಿ ಅಂಶದ ವಿಷಯ. ಬ್ಯಾಟಿಂಗ್ ಆವರೇಜ್ ಒಂದನ್ನೇ ಹಿಡ್ಕೊಂಡು ಕೂರೋರ ಜೊತೆ ವಾದ ಕಷ್ಟ, ಯಾಕಂದ್ರೆ ಅದರಲ್ಲಿ ವಾಕ್ (ನಾಲ್ಕು ಕೆಟ್ಟ ಬಾಲ್ ಬಿದ್ರೆ ಬಿಟ್ಟಿ ಸಿಗೋ ಮೊದಲ ಬೇಸ್) ಲೆಕ್ಕಕ್ಕೇ ಬರಲ್ಲ, ಸಿಂಗಲ್ಲೂ (ಒಂದು ಬೇಸಿನ ಹಿಟ್) ಹೋಮ್ ರನ್ನೂ ಒಂದೇ. ಆರ್‌ಬಿಐ (ತನ್ನ ಬ್ಯಾಟಿಂಗಿಂದ ಟೀಮಿಗೆ ಬಂದ ರನ್) ಅಂತೂ ಮುಂದೆ ಬ್ಯಾಟ್ ಮಾಡೋರು ಬೇಸ್ ಮೇಲೆ ಇದ್ರಾ ಇಲ್ವಾ ಅನ್ನೋದರ ಮೇಲೆ ನಿಂತಿದೆ. ಬೇರೆ ಬೇರೆ ಕಾಲದವರನ್ನ ಹೋಲಿಸೋಕೆ ಓಪಿಎಸ್ ಪ್ಲಸ್ ವಾಸಿ, ಬೇಸ್ ತಲುಪೋದು, ಜೋರಾಗಿ ಹೊಡೆಯೋದು ಎರಡನ್ನೂ ಸೇರಿಸೋ ಲೆಕ್ಕ ಅದು, ಆಯಾ ವರ್ಷದ ಲೀಗು, ಗ್ರೌಂಡು ಎರಡನ್ನೂ ಲೆಕ್ಕಕ್ಕೆ ತಗೊಳತ್ತೆ, 100 ಅಂದ್ರೆ ಸಾಧಾರಣ ಹಿಟ್ಟರ್. ಟೆಡ್‌ದು 190ರ ಆಸುಪಾಸು, ಎರಡನೇ ಸ್ಥಾನಕ್ಕೆ ಹೆಸರು ಬರೋ ಡೇವಿಡ್ ಆರ್ಟಿಜ್ (ಪೂರ್ತಿ ಕೆರಿಯರ್) 140ರ ಹತ್ರ, ಕಾರ್ಲ್ ಯಾಸ್ಟ್ರೆಮ್ಸ್ಕಿ 130. ಮೊದಲನೇ ಸ್ಥಾನಕ್ಕೆ ಜಗಳ ಇಲ್ಲ ಅಂದಿದ್ದು ಯಾಕೆ ಅಂತ ಗೊತ್ತಾಯ್ತಲ್ಲ.

ಗ್ರೌಂಡ್ ಅಂದ್ನಲ್ಲ, ರೆಡ್ ಸಾಕ್ಸ್ ತವರು ಗ್ರೌಂಡ್ ಫೆನ್‌ವೇ ಪಾರ್ಕ್ ಗೊತ್ತಿಲ್ದೆ ಈ ವಾದಕ್ಕೆ ಬರ್ಲೇಬೇಡಿ. ಲೆಫ್ಟ್ ಫೀಲ್ಡಲ್ಲಿ ಗ್ರೀನ್ ಮಾನ್‌ಸ್ಟರ್ ಅಂತ 37 ಅಡಿ ಎತ್ತರದ ಗೋಡೆ, ಫೌಲ್ ಲೈನ್ ಹತ್ರ ಪ್ಲೇಟಿಂದ 310 ಅಡಿ ದೂರ ಅಷ್ಟೇ, ಬೇರೆ ಗ್ರೌಂಡಲ್ಲಿ ಸುಮ್ನೆ ಕ್ಯಾಚ್ ಆಗೋ ಬಾಲ್ ಇಲ್ಲಿ ಗೋಡೆಗೆ ಬಡಿದು ಡಬಲ್ ಆಗತ್ತೆ. ವೇಡ್ ಬಾಗ್ಸ್ ಲೆಫ್ಟ್ ಹ್ಯಾಂಡರ್ ಆಗಿದ್ರೂ (ಅಂಥವರ ಹೊಡೆತ ಸಾಮಾನ್ಯವಾಗಿ ಬಲಗಡೆ ಹೋಗತ್ತೆ) ಬೇಕಂತಲೇ ಆ ಕಡೆ ಹೊಡೀತಿದ್ದ, ಐದು ಬ್ಯಾಟಿಂಗ್ ಟೈಟಲ್ (ವರ್ಷದಲ್ಲಿ ಲೀಗಿಗೇ ಹೆಚ್ಚಿನ ಆವರೇಜ್) ಗೆದ್ದ, ಫೆನ್‌ವೇಲಿ ಅವನ ಆವರೇಜ್ .369. ಅದು ಬುದ್ಧಿವಂತಿಕೆನೇ, ಆದ್ರೆ ಬಾಗ್ಸ್ ಪರ ಯಾರಾದ್ರೂ ಮಾತಾಡಿದ್ರೆ ಹೊರಗಡೆ ಗ್ರೌಂಡ್‌ಗಳಲ್ಲಿ ಎಷ್ಟು ಅಂತ ಕೇಳೋದು ಮರೀಬೇಡಿ.

ಕಾಲ ಕೂಡ ನೋಡ್ಬೇಕು. 1968ರಲ್ಲಿ ಕಾರ್ಲ್ ಯಾಸ್ಟ್ರೆಮ್ಸ್ಕಿ .301 ಹೊಡೆದು ಬ್ಯಾಟಿಂಗ್ ಟೈಟಲ್ ಗೆದ್ದ, ಕೇಳಿದವರು ನಗ್ತಾರೆ, ಆದ್ರೆ ಆ ವರ್ಷ ಅಮೆರಿಕನ್ ಲೀಗಲ್ಲಿ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ರೆಡ್ ಸಾಕ್ಸ್ ಇರೋದು) .300 ದಾಟಿದವನು ಅವನೊಬ್ಬನೇ, ಪಿಚ್ಚರ್‌ಗಳ ಹಾವಳಿ ಎಷ್ಟಿತ್ತು ಅಂದ್ರೆ ಮುಂದಿನ ವರ್ಷ ಮೌಂಡ್ (ಪಿಚ್ಚರ್ ನಿಲ್ಲೋ ದಿಬ್ಬ) ಎತ್ತರಾನ 15 ಇಂಚಿಂದ 10ಕ್ಕೆ ಇಳಿಸಿದ್ರು. ಇನ್ನೊಂದು ಕಡೆ ಜಿಮ್ಮಿ ಫಾಕ್ಸ್ 1938ರಲ್ಲಿ ಹೊಡೆದ 50 ಹೋಮ್ ರನ್, 175 ಆರ್‌ಬಿಐ ನೋಡಿ ಕಣ್ಣು ಅರಳತ್ತೆ, ಆದ್ರೆ ಅವಾಗ ಕಪ್ಪು ಆಟಗಾರರನ್ನ ಮೇಜರ್ ಲೀಗ್ ಒಳಗೇ ಬಿಡ್ತಿರ್ಲಿಲ್ಲ, ಅತ್ಯುತ್ತಮ ಪಿಚ್ಚರ್‌ಗಳಲ್ಲಿ ಕೆಲವರನ್ನ ಅವನು ಲೀಗಲ್ಲಿ ಎದುರಿಸ್ಲೇ ಇಲ್ಲ. ಟೆಡ್‌ನ ಮೊದಲ ವರ್ಷಗಳಿಗೂ ಇದೇ ಮಾತು. ರೆಡ್ ಸಾಕ್ಸ್ ಅಂತೂ ಕಪ್ಪು ಆಟಗಾರರನ್ನ ಸೇರಿಸ್ಕೊಳೋದನ್ನ 1959ರವರೆಗೆ ಎಳೆದ್ರು, ಎಲ್ಲಾ ಟೀಮ್‌ಗಳಿಗಿಂತ ಕೊನೇಲಿ, ಈ ಟೀಮಿನ ಇತಿಹಾಸ ಹೇಳುವಾಗ ಇದನ್ನ ಮುಚ್ಚಿಡೋದು ಸರಿಯಲ್ಲ.

ಇನ್ನು ಎರಡನೇ ಸ್ಥಾನ. ಯಾಸ್ಟ್ರೆಮ್ಸ್ಕಿ ಪರ ವಾದ ಮಾಡೋದಾದ್ರೆ 1967 ಸಾಕು: .326, 44 ಹೋಮ್ ರನ್, 121 ಆರ್‌ಬಿಐ, ಟ್ರಿಪಲ್ ಕ್ರೌನ್ (ಆ ಮೂರರಲ್ಲೂ ಲೀಗಲ್ಲಿ ಮೊದಲ ಸ್ಥಾನ), ಪೆನಂಟ್ (ಲೀಗ್ ಚಾಂಪಿಯನ್ ಪಟ್ಟ) ಕೈ ತಪ್ಪೋ ಹಂಗಿದ್ದಾಗ ಕೊನೇ ಎರಡು ಗೇಮಲ್ಲಿ 8ಕ್ಕೆ 7 ಹಿಟ್. 23 ಸೀಸನ್, 3419 ಹಿಟ್ ಅನ್ನೋದೂ ಇದೆ, ಆದ್ರೆ ಅದು ಹೆಚ್ಚಾಗಿ ಬಾಳಿಕೆಯ ಲೆಕ್ಕ, ಮಧ್ಯದ ಎಷ್ಟೋ ವರ್ಷ ಬರೀ ಒಳ್ಳೆ ಹಿಟ್ಟರ್ ಅಷ್ಟೇ.

ನನ್ನ ವೋಟು ಡೇವಿಡ್ ಆರ್ಟಿಜ್‌ಗೆ. ರೆಡ್ ಸಾಕ್ಸ್‌ಗೇ 483 ಹೋಮ್ ರನ್, 2006ರಲ್ಲಿ 54 ಹೊಡೆದು ಟೀಮ್ ರೆಕಾರ್ಡ್. 2004ರ ಅಮೆರಿಕನ್ ಲೀಗ್ ಫೈನಲಲ್ಲಿ (ನಾಲ್ಕು ಗೇಮ್ ಗೆದ್ದೋರು ಪಾಸ್) ನ್ಯೂಯಾರ್ಕ್ ಯಾಂಕೀಸ್ ಎದುರು 0-3 ಹಿಂದೆ ಇದ್ದಾಗ ನಾಲ್ಕನೇ ಗೇಮ್ 12ನೇ ಇನ್ನಿಂಗ್ಸಲ್ಲಿ, ಐದನೇದು 14ನೇ ಇನ್ನಿಂಗ್ಸಲ್ಲಿ, ಎರಡನ್ನೂ ಮುಗಿಸಿದ್ದು ಇವನ ಬ್ಯಾಟೇ. 2013ರ ವರ್ಲ್ಡ್ ಸೀರೀಸಲ್ಲಿ .688! ಅವನು ಡಿಎಚ್ (ಬ್ಯಾಟ್ ಮಾಡೋಕೆ ಮಾತ್ರ ಬರೋ ಆಟಗಾರ), ಫೀಲ್ಡಿಂಗೇ ಮಾಡ್ತಿರ್ಲಿಲ್ಲ ಅಂತ ಮೂಗು ಮುರಿಯೋರು ಬಂದೇ ಬರ್ತಾರೆ, ಮೊದಲು ಗಟ್ಟಿ ಮಾಡ್ಕೊಂಡಿದ್ದು ಇದಕ್ಕೇ, ಹಿಟ್ಟರ್ ಪ್ರಶ್ನೆಗೆ ಗ್ಲೌವ್ ಯಾಕೆ?

ಆರ್ಟಿಜ್ ಜೊತೆ ಆಡಿದ ಮ್ಯಾನಿ ರಮೀರೆಜ್ ಹೆಸರು ಬಂದ್ರೆ ಸ್ವಲ್ಪ ಹುಷಾರು. ಬರೀ ಬ್ಯಾಟ್ ಬೀಸೋದು ನೋಡಿದ್ರೆ ಆರ್ಟಿಜ್‌ಗಿಂತ ಚೆನ್ನಾಗಿದ್ದ ಅನ್ನೋರಿದಾರೆ, ನನಗೂ ಒಮ್ಮೊಮ್ಮೆ ಹಂಗನ್ಸತ್ತೆ, ಆದ್ರೆ 2009ರಲ್ಲಿ ಡ್ರಗ್ ಪಾಲಿಸಿ ಮುರಿದಿದ್ದಕ್ಕೆ 50 ಗೇಮ್ ಬ್ಯಾನ್ ಆಯ್ತು. ಅಷ್ಟರಲ್ಲಿ ಬಾಸ್ಟನ್ ಬಿಟ್ಟು ಡಾಡ್ಜರ್ಸ್‌ಗೆ ಹೋಗಿದ್ದ ನಿಜ, ಅದನ್ನ ಹಿಂದಕ್ಕೂ ಅಂಟಿಸ್ಬೇಕಾ ಬೇಡ್ವಾ ಅಂತ ಎದುರಿಗಿರೋರನ್ನೇ ಕೇಳಿ, ಇನ್ನೊಂದು ಗಂಟೆ ಆರಾಮಾಗಿ ಕಳಿಯತ್ತೆ.